ಶುದ್ಧವಾದ ಸ್ಕಾ ಯಾವುದು?

ಜಮೈಕ ದ್ವೀಪದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಮರುಹುಟ್ಟು ಪಡೆದ ‘ಸ್ಕಾ’ ಎಂಬ ಸಂಗೀತದ ವಿಷಯವಾಗಿ ರಸಿಕರೊಳಗೆ ಬಹುಕಾಲದಿಂದ ಒಂದು ವಾದವು ನಡೆದುಬಂದಿದೆ. 1966ರ ಸುಮಾರಿಗೆ ಅದರ ನಡೆ ನಿಧಾನಗೊಂಡು ‘ರಾಕ್‌ಸ್ಟೆಡಿ’ ಎನಿಸಿಕೊಂಡಿತು. ಅದಕ್ಕೆ ಮುಂಚೆ ಕಿಂಗ್‌ಸ್ಟನ್ ನಗರದಲ್ಲಿ ಮುದ್ರಿತವಾದುದೇ ಸ್ಕಾ, ಉಳಿದುದೆಲ್ಲ ಅನುಕರಣ ಎಂಬುದು ಒಂದು ಪಕ್ಷ. ತಾಳದ ಎಡೆಗಳಲ್ಲಿ ಗಿಟಾರು ಮಿಡಿದರೆ ಸಾಕೆಂಬುದು ಮತ್ತೊಂದು. ತಾರ್ಕಿಕರ ಮಾತಿನಲ್ಲಿ, ಮೊದಲನೆಯ ಲಕ್ಷಣಕ್ಕೆ ಅವ್ಯಾಪ್ತಿದೋಷವೂ ಎರಡನೆಯದಕ್ಕೆ ಅತಿವ್ಯಾಪ್ತಿದೋಷವೂ ತಟ್ಟುತ್ತವೆ.

ಶುದ್ಧವೆಂದು ಕೊಂಡಾಡುವ ಆ ವಸ್ತುವೇ ಬೆರಕೆಯಿಂದ ಹುಟ್ಟಿದ್ದು. 1950ರ ದಶಕದಲ್ಲಿ ಕಿಂಗ್‌ಸ್ಟನ್ನಿನ ಬಡಜನರು ಬಯಲಿನಲ್ಲಿ ಭಾರಿಯ ಧ್ವನಿವರ್ಧಕಗಳನ್ನು ಹೂಡಿ, ಅಮೆರಿಕದ ‘ರಿದಮ್ ಅಂಡ್ ಬ್ಲೂಸ್’ ತಟ್ಟೆಗಳಿಗೆ ಕುಣಿಯುತ್ತಿದ್ದರು. ಅಮೆರಿಕದ ರುಚಿ ರಾಕ್ ಅಂಡ್ ರೋಲ್ ಕಡೆಗೆ ತಿರುಗಿ ಬೇಕಾದ ತಟ್ಟೆಗಳು ವಿರಳವಾಗಲು, ಕ್ಲೆಮೆಂಟ್ ಡಾಡ್, ಡ್ಯೂಕ್ ರೀಡ್ ಮೊದಲಾದ ಧ್ವನಿಯಂತ್ರದ ಒಡೆಯರು ಊರಿನ ವಾದಕರಿಂದಲೇ ತಟ್ಟೆಗಳನ್ನು ಮಾಡಿಸತೊಡಗಿದರು. ಹಳ್ಳಿಯ ಮೆಂಟೋ ಹಾಡಿನ ನಡೆಯೂ ಜಾಝ್ ಬಲ್ಲವರ ಕಲ್ಪನೆಯೂ ಅದರಲ್ಲಿ ಕೂಡಿದವು. 1964ರಲ್ಲಿ ಇಂಗ್ಲೆಂಡಿನಲ್ಲೆಲ್ಲ ಮೊಳಗಿದ ‘ಮೈ ಬಾಯ್ ಲಾಲಿಪಾಪ್’ ಎಂಬುದು 1956ರಲ್ಲಿ ಅಮೆರಿಕದಲ್ಲಿ ಹೊರಬಂದಿದ್ದ ಹಾಡು. ಮರಳಿ ಮುದ್ರಣವಾದುದು ಲಂಡನ್ನಿನಲ್ಲಿ. ಹಾಡಿದ ಮಿಲ್ಲಿ ಸ್ಮಾಲಳೂ ವಾದ್ಯಯೋಜನೆ ಮಾಡಿದ ಅರ್ನೆಸ್ಟ್ ರ್‍ಯಾಂಗ್ಲಿನನೂ ಜಮೈಕದವರು. ಸ್ಥಳವೇ ಪ್ರಮಾಣವಾದರೆ ಇದನ್ನು ಎಲ್ಲಿಡತಕ್ಕದ್ದು?

ಹಾಗೆಂದು ಎಡೆಯ ಮಿಡಿತವೇ ಸರ್ವಸ್ವವಲ್ಲ. ಪಿಯಾನೋ ಗಿಟಾರುಗಳು ಪೆಟ್ಟಿನ ಮೇಲೆ ಬೀಳದೆ ಎರಡು ಪೆಟ್ಟುಗಳ ನಡುವೆ ಮೊಟಕಾಗಿ ನುಡಿಯುವಾಗ, ಕೆಳಗೆ ಮಂದ್ರವಾದ್ಯವು ಸಮಹೆಜ್ಜೆಯಲ್ಲಿ ನಡೆಯುತ್ತಿರುವುದು. ಈ ಎಳೆದಾಟದ ಮೇಲೆ ಟ್ರೊಂಬೋನು ಸ್ಯಾಕ್ಸೊಫೋನುಗಳು ನಿಡಿದಾದ ಉಸಿರಿನಲ್ಲಿ ಮಾತನಾಡಬೇಕು. 1964ರಲ್ಲಿ ಕೂಡಿ ಮರುವರ್ಷವೇ ಒಡೆದ ‘ಸ್ಕಾಟಲೈಟ್ಸ್’ ಮೇಳದಲ್ಲಿ ಡಾನ್ ಡ್ರಮಂಡನ ಟ್ರೊಂಬೋನು ಕುಣಿತದ ಲಯದ ನಡುವೆಯೇ ಎಷ್ಟು ವಿಷಾದವನ್ನು ತುಂಬಿತೆಂಬುದು ಕೇಳಿಯೇ ತಿಳಿಯತಕ್ಕದ್ದು. ಆತನು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಬಾಲಕರ ಶಾಲೆಯಲ್ಲಿ ವಾದ್ಯ ಕಲಿತವನು. 1990ರ ದಶಕದ ಅಮೆರಿಕದ ಹಲವು ಮೇಳಗಳು ಮಿಡಿತವನ್ನು ಉಳಿಸಿಕೊಂಡು ವೇಗವನ್ನು ಏರಿಸಿದಾಗ ಆ ಉಸಿರಿಗೆ ಎಡೆ ತಪ್ಪಿತು. ಅವುಗಳಲ್ಲಿ ಉಲ್ಲಾಸವುಂಟು, ಆ ಹೆಸರಿನ ಹಕ್ಕು ಮಾತ್ರ ಸಂದೇಹ.

ಇದು ಬರಿಯ ಲಕ್ಷಣವಿಚಾರವೂ ಅಲ್ಲ. 1962ರಲ್ಲಿ ಸ್ವತಂತ್ರವಾದ ಜಮೈಕದ ಸರ್ಕಾರವು 1964ರ ನ್ಯೂಯಾರ್ಕ್ ವಿಶ್ವಪ್ರದರ್ಶನಕ್ಕೆ ಸ್ಕಾವನ್ನು ಕಳುಹಿಸಿದಾಗ, ಆರಿಸಿದ್ದು ಸಿರಿವಂತರ ಸಭೆಗಳಲ್ಲಿ ಹೆಸರಾಗಿದ್ದ ಬೈರನ್ ಲೀಯ ಮೇಳವನ್ನು. ಸ್ಕಾಟಲೈಟ್ಸ್ ಊರಿನಲ್ಲೇ ಉಳಿದರು. ಬಡವರ ಬಯಲಿನಲ್ಲಿ ಬೆಳೆದುದಕ್ಕೆ ಬೇರೆಯವರ ಮುಖವಿಟ್ಟು ತೋರಿಸಿದ ಮೇಲೆ, ನಿಜವಾದುದು ಯಾವುದೆಂದು ಕೇಳುವವರ ಕೋಪದಲ್ಲಿ ನ್ಯಾಯವುಂಟು. ಆದರೆ ಆ ಆಯ್ಕೆ ನಡೆದುದು ಕಿಂಗ್‌ಸ್ಟನ್ನಿನಲ್ಲಿಯೇ. ಅದರ ಸಿಟ್ಟನ್ನು ಇಂಗ್ಲೆಂಡಿನ ಕೊವೆಂಟ್ರಿಯ ತರುಣರ ಮೇಲೆ ತೀರಿಸುವುದು ಸಲ್ಲದು. ಅಲ್ಲಿ 1979ರಲ್ಲಿ ಕರಿಯರೂ ಬಿಳಿಯರೂ ಕೂಡಿದ ‘ಸ್ಪೆಷಲ್ಸ್’ ಮೇಳವು, ಡ್ಯಾಂಡಿ ಲಿವಿಂಗ್‌ಸ್ಟನ್ 1967ರಲ್ಲಿ ಹಾಡಿದ್ದ ‘ಎ ಮೆಸೇಜ್ ಟು ಯೂ ರೂಡಿ’ಯನ್ನು ಮತ್ತೆ ಹಾಡಿತು. ಎರಡರಲ್ಲಿಯೂ ಟ್ರೊಂಬೋನ್ ನುಡಿಸಿದವನು ಒಬ್ಬನೇ: ಡ್ರಮಂಡನಂತೆಯೇ ಆಲ್ಫಾ ಶಾಲೆಯಲ್ಲಿ ಕಲಿತು 1961ರಲ್ಲಿ ಇಂಗ್ಲೆಂಡಿಗೆ ಬಂದ ರೀಕೋ ರೊಡ್ರಿಗಸ್.