ಯಮನಿಂದ ಸಮಾಧಿವರೆಗೆ, ನಡುವೆ ಅಡಿಕೆ ಧಾರಣೆ

ಎರಡು ವರ್ಷದ ಹಿಂದೆ, ಜೂನ್ 21ರ ಯೋಗ ದಿನದಂದು ಹುಲಿಕಲ್‌ನಲ್ಲಿ ಒಂದು ಶಿಬಿರಕ್ಕೆ ಹೋಗಿದ್ದೆ. ಘಟ್ಟದ ಮಳೆ ಹೆಂಚಿನ ಮೇಲೆ ಬಡಿಯುತ್ತಿದ್ದುದರಿಂದ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ತರಬೇತುದಾರರು ಪತಂಜಲಿಯ ಎಂಟು ಅಂಗಗಳನ್ನು ಬೋರ್ಡಿನ ಮೇಲೆ ಬರೆದರು: ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣೆ, ಧ್ಯಾನ, ಸಮಾಧಿ. ಪಕ್ಕದಲ್ಲಿ ಕೂತಿದ್ದ ಹಿರಿಯ ಅಡಿಕೆ ಬೆಳೆಗಾರರೊಬ್ಬರು ಓದಿ, "ಯಮನಿಂದ ಶುರು, ಸಮಾಧೀಲಿ ಮುಕ್ತಾಯ, ನಡುವೆ ಅಡಿಕೆ ಧಾರಣೆ. ನಮ್ಮ ಬದುಕೇ ಆಯ್ತಲ್ಲ ಮಾರಾಯ!" ಎಂದರು. ಎಲ್ಲರೂ ನಕ್ಕೆವು. ತರಬೇತುದಾರರು ನಗಲಿಲ್ಲ. ಇವು ಶಾಸ್ತ್ರದ ಪದಗಳು, ಆಡುಮಾತಿನ ಅರ್ಥ ಹಚ್ಚಬಾರದು ಎಂದು ಹೇಳಿ ಕನ್ನಡದ ಕೈಪಿಡಿಯೊಂದನ್ನು ಹಂಚಿದರು.

ಆ ಕೈಪಿಡಿಯ ಕೊನೆಯಲ್ಲಿರುವ ಪದಕೋಶದ ಬಗ್ಗೆಯೇ ನನ್ನ ತಕರಾರು. ಸಂಸ್ಕೃತದ ಪದ ಕನ್ನಡಿಗರ ಬಾಯಿಗೆ ಬಂದು ಕೆಟ್ಟಿದೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ‘ಹಠ’ಕ್ಕೆ ಅದು ಕೊಡುವ ಅರ್ಥ: ಹ ಎಂದರೆ ಸೂರ್ಯ, ಠ ಎಂದರೆ ಚಂದ್ರ. ಇದು ಗೂಢಾರ್ಥ ಹುಡುಕುವವರ ವಿವರಣೆ. ಸಂಸ್ಕೃತದಲ್ಲಿ ಹಠವೆಂದರೆ ಬಲ, ಬಲಾತ್ಕಾರ. "ಹಠ ಮಾಡಬೇಡ" ಎಂದು ಮಗುವನ್ನು ಗದರುವ ತಾಯಿಯೇ ಮೂಲಕ್ಕೆ ಹೆಚ್ಚು ಹತ್ತಿರ. ಆಸನವೂ ಅಷ್ಟೆ. ಯೋಗಸೂತ್ರ ಅದಕ್ಕೆ ಕೊಟ್ಟಿರುವುದು ಮೂರೇ ಸೂತ್ರ. ಅಲ್ಲಿ ಆಸನವೆಂದರೆ ಅಲುಗಾಡದೆ ಹಿತವಾಗಿ ಕೂರುವುದು. ಬಸ್ಸಿನಲ್ಲಿ ಆಸನ ಸಿಕ್ಕಿತೆಂದು ನಿಟ್ಟುಸಿರು ಬಿಡುವವನಿಗೆ ಇದನ್ನು ವಿವರಿಸಬೇಕಿಲ್ಲ. ಶೀರ್ಷಾಸನದ ಚಿತ್ರ ನೋಡಿದವನಿಗೇ ವಿವರಿಸಬೇಕು.

ಎಲ್ಲ ಪದಗಳೂ ಹೀಗೆ ಒದಗುವುದಿಲ್ಲ, ಒಪ್ಪುತ್ತೇನೆ. ಧಾರಣೆ ಮಲೆನಾಡಿನಲ್ಲಿ ದಾರಿ ತಪ್ಪಿಸುತ್ತದೆ. ಪತ್ರಿಕೆಯಲ್ಲಿ ನಾವು ಮೊದಲು ತೆರೆಯುವುದೇ ಆ ಪುಟ. ಆದರೆ ಕೈಪಿಡಿ ಅದಕ್ಕೆ ಬರೆದಿರುವುದು ‘ಕಾನ್ಸಂಟ್ರೇಶನ್’ ಎಂದು! ಮನಸ್ಸನ್ನು ಒಂದೆಡೆ ನಿಲ್ಲಿಸುವುದು ಎನ್ನಬಹುದಿತ್ತು. ತೂಗುವ ಮರದ ತುದಿಯಿಂದ ಮತ್ತೊಂದು ಮರಕ್ಕೆ ದಾಟುವ ಕೊನೆಗಾರನನ್ನು ತೋರಿಸಿದ್ದರೂ ಸಾಕಿತ್ತು.

ನನಗೆ ಬೇಸರವಾಗುವುದಕ್ಕೆ ಇನ್ನೊಂದು ಕಾರಣವಿದೆ. ಇವತ್ತು ಜಗತ್ತು ಮಾಡುತ್ತಿರುವ ಯೋಗದ ಬಹುಭಾಗ ಮೈಸೂರಿನಿಂದ ಹೋದದ್ದು. ಕೃಷ್ಣಮಾಚಾರ್ಯರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲಿ ಬಂತು. ಪಟ್ಟಾಭಿ ಜೋಯಿಸರ ‘ಯೋಗ ಮಾಲಾ’ ಕೂಡ ಕನ್ನಡದ ಪುಸ್ತಕವೇ, 1962ರದು. ಇಂಗ್ಲಿಷಿಗೆ ಹೋದದ್ದು 1999ರಲ್ಲಿ. ಕನ್ನಡ ಗದ್ಯದೊಳಗೆ ಕೂತು ಹೊರಟ ಪದಗಳು ಈಗ ‘ಯೋಗಾ’, ‘ವಿನ್ಯಾಸಾ ಫ್ಲೋ’ ಎಂದು ಬಾಲ ಎಳೆದುಕೊಂಡು ಊರಿಗೆ ವಾಪಸಾಗಿವೆ. ಕೈಪಿಡಿ ಅವುಗಳನ್ನು ಪರದೇಶದ ನೆಂಟರಂತೆ ಉಪಚರಿಸುತ್ತದೆ.

ಹುಲಿಕಲ್‌ನಿಂದ ತುಂಬ ದೂರವೇನಲ್ಲ, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆ. ಅನಂತಮೂರ್ತಿ ಹುಟ್ಟಿದ ಊರು. ಯೋಗದಲ್ಲಿ ‘ಸಂಸ್ಕಾರ’ವೆಂದರೆ ಹಿಂದಿನದು ಚಿತ್ತದಲ್ಲಿ ಉಳಿಸಿದ ಅಚ್ಚು. 1965ರ ಅವರ ಕಾದಂಬರಿಯಲ್ಲಿ ಅದು ನಾರಣಪ್ಪನ ಹೆಣಕ್ಕೆ ಆಗದೆ ಉಳಿದ ಕರ್ಮ. ಪ್ರಾಣೇಶಾಚಾರ್ಯರು ಬೆಳೆದುಬಂದ ರೀತಿಯೂ ಹೌದು, ಬಿಡಿಸಿಕೊಳ್ಳಲಾಗದ ಆ ಅಚ್ಚೂ ಹೌದು. ರಾಮಾನುಜನ್ ತಮ್ಮ 1976ರ ಇಂಗ್ಲಿಷ್ ಅನುವಾದದಲ್ಲೂ ಹೆಸರು ಬದಲಿಸಲಿಲ್ಲ. ಕೈಪಿಡಿಯಲ್ಲಿ ಈ ಪದಕ್ಕೆ ಸಿಕ್ಕಿರುವ ಅರ್ಥ ‘ಇಂಪ್ರೆಶನ್’.

ಮನೆಗೆ ಬಂದು ಅದನ್ನು ಪೂರ್ತಿ ಓದಿದೆ. ‘ಉಸಿರು’ ಎಂಬ ಪದ ಒಂದೇ ಸಲ ಬಂದಿತ್ತು, ಅದೂ ಅಚ್ಚಿನ ತಪ್ಪಿನೊಂದಿಗೆ.