ಗೇಲಿಗೂ ಹಾಡಿಗೂ ನಡುವೆ ಶ್ರೆಕ್

2001ರ ‘ಶ್ರೆಕ್’ ಶುರುವಾಗುವುದೇ ಒಂದು ಅಪಚಾರದಿಂದ. ಶಾಪಗ್ರಸ್ತ ರಾಜಕುಮಾರಿ, ಕಾವಲಿಗೆ ಡ್ರ್ಯಾಗನ್, ಬಿಡಿಸಲು ಬರಬೇಕಾದ ವೀರ ಎಂದೆಲ್ಲ ಹೇಳುವ ಚೆಂದದ ಪುಸ್ತಕ ತೆರೆದುಕೊಳ್ಳುತ್ತದೆ. ಒಂದು ಹಸಿರು ಕೈ ಆ ಪುಟ ಹರಿದು ಕಕ್ಕಸಿಗೆ ಬಳಸಿಕೊಳ್ಳುತ್ತದೆ. ಕಿನ್ನರ ಕಥೆಗಳನ್ನು ಗೇಲಿ ಮಾಡುವ ಪರಂಪರೆಯ ಇಡೀ ಧೋರಣೆ ಆ ಹರಿದ ಪುಟದಲ್ಲಿದೆ.

ಪರಂಪರೆ ಹಳೆಯದೇ. ಅಮೆರಿಕದ ಟಿವಿಯಲ್ಲಿ 1959ರಿಂದಲೇ ‘ರಾಕಿ ಅಂಡ್ ಬುಲ್‌ವಿಂಕಲ್’ ಕಾರ್ಟೂನಿನ ನಡುನಡುವೆ ತಿರುಚಿದ ಕಿನ್ನರ ಕಥೆಗಳು ಬರುತ್ತಿದ್ದವು. 1987ರಲ್ಲಿ ಬ್ರಾಡ್‌ವೇಗೆ ಬಂದ ‘ಇನ್‌ಟು ದ ವುಡ್ಸ್’, ಮದುವೆಯಾದ ಮೇಲೆ ಏನಾಯಿತು ಎಂದು ಕೇಳಿತು. ಇದೇ ಸಾಲಿಗೆ ಸೇರುವ, 1990ರ ವಿಲಿಯಂ ಸ್ಟೈಗ್‌ನ ಚಿತ್ರಪುಸ್ತಕ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿನ ಕುರೂಪಿ ರಾಕ್ಷಸ ಶ್ರೆಕ್‌ಗೆ ಯಾರ ಅನುಕಂಪವೂ ಬೇಡ. ಮಕ್ಕಳು ಅಪ್ಪಿ ಮುತ್ತಿಡುವುದೇ ಅವನಿಗೆ ಬೀಳುವ ಕೆಟ್ಟ ಕನಸು. ಕನ್ನಡಿಗಳ ಕೋಣೆಯಲ್ಲಿ ತನ್ನನ್ನು ತಾನೇ ನೋಡಿ ಹಿಗ್ಗುತ್ತಾನೆ.

ಸಿನಿಮಾ ಈ ಕುರೂಪಿಗೆ ಮನಸ್ಸಿನ ಗಾಯವೊಂದನ್ನು ಕೊಟ್ಟಿತು, ಜೊತೆಗೆ ಒಂದು ಹಳೇ ಸೇಡನ್ನೂ ಹೊರಿಸಿತು. ಸಿನಿಮಾ ತಯಾರಿಸಿದ ಡ್ರೀಮ್‌ವರ್ಕ್ಸ್‌ನಲ್ಲಿದ್ದ ಜೆಫ್ರಿ ಕ್ಯಾಟ್ಸೆನ್‌ಬರ್ಗ್ 1994ರಲ್ಲಿ ಡಿಸ್ನಿಯಿಂದ ಮುನಿಸಿಕೊಂಡು ಹೊರಬಂದವರು. ಪ್ರವೇಶದ್ವಾರದ ತಿರುಗು ಸರಳುಗಳು, ಶಿಸ್ತು ಬೋಧಿಸಿ ಹಾಡುವ ಗೊಂಬೆಗಳು ಇರುವ ಡ್ಯೂಲಾಕ್ ನಗರ ಡಿಸ್ನಿಲ್ಯಾಂಡಿನ ಅಣಕವೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಈ ಕುಟುಕು ಈಗ ಮೊಂಡಾಗಿದೆ. 2007ರ ‘ಎನ್‌ಚಾಂಟೆಡ್’ನಲ್ಲಿ ಡಿಸ್ನಿಯೇ ತನ್ನ ರಾಜಕುಮಾರಿಯರನ್ನು ಕಿಚಾಯಿಸಿ ದುಡ್ಡು ಮಾಡಿಕೊಂಡಿತು. ಗೇಲಿಯೇ ರೂಢಿಯಾದ ಮೇಲೆ ಗೇಲಿ ಮಾಡುವವನಿಗೆ ಎದುರಾಳಿ ಎಲ್ಲಿ?

2008ರ ಡಿಸೆಂಬರಿನಲ್ಲಿ ಬ್ರಾಡ್‌ವೇಗೆ ಬಂದ ‘ಶ್ರೆಕ್ ದ ಮ್ಯೂಸಿಕಲ್’ ಈ ಪ್ರಶ್ನೆಯಿಂದ ನುಣುಚಿಕೊಂಡು ಗಾಯದ ಕಡೆಗೆ ವಾಲಿತು. ಸಂಗೀತ ಜೀನಿನ್ ಟೆಸೋರಿ ಅವರದು, ಮಾತು ಮತ್ತು ಹಾಡು ಡೇವಿಡ್ ಲಿಂಡ್ಸೆ-ಅಬೇರ್ ಅವರದು. ಸಿನಿಮಾದಲ್ಲಿ ಶ್ರೆಕ್ ತನ್ನ ನೋವನ್ನು ರಾತ್ರಿ ಆಕಾಶ ನೋಡುತ್ತ ನಾಲ್ಕು ಮಾತಿನಲ್ಲಿ, ಅದೂ ಸಿಡುಕುತ್ತಲೇ, ಹೇಳಿ ಮುಗಿಸುತ್ತಾನೆ. ನಾಟಕದಲ್ಲಿ ಪರದೆ ಎದ್ದ ಕೂಡಲೇ ಏಳು ವರ್ಷದ ಶ್ರೆಕ್‌ನನ್ನು ಅಪ್ಪ-ಅಮ್ಮ ಮನೆಯಿಂದ ಸಾಗಹಾಕುತ್ತಾರೆ. ಎಲ್ಲವನ್ನೂ ಹೇಳಿಬಿಟ್ಟ ಮೇಲೆ ನಾವು ಊಹಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ಗಡಿಪಾರಾದ ಕಥಾಪಾತ್ರಗಳೆಲ್ಲ ಸೇರಿ ತಮ್ಮ ವಿಚಿತ್ರತನವನ್ನೇ ಬಾವುಟ ಮಾಡಿ ಹಾರಿಸುವ ‘ಫ್ರೀಕ್ ಫ್ಲ್ಯಾಗ್’ ಹಾಡಿಗೆ ಅಭಿಮಾನಿಗಳು ಮನಸೋಲುತ್ತಾರೆ. ಆ ಹುರುಪು ನಿಜವೇ. ಆದರೆ ಹಾಡು ನೀತಿಪಾಠದ ಅಂಚಿನಲ್ಲೇ ನಿಂತಿದೆ.

ಅದೇ ರಂಗಭೂಮಿ ರಾಜಕುಮಾರಿ ಫಿಯೋನಾಳ ವಿಷಯದಲ್ಲಿ ಸಿನಿಮಾವನ್ನು ಹಿಂದೆ ಹಾಕುತ್ತದೆ. ‘ಐ ನೋ ಇಟ್ಸ್ ಟುಡೇ’ ಹಾಡಿನಲ್ಲಿ ಗೋಪುರದೊಳಗಿನ ಪುಟ್ಟ ಹುಡುಗಿ, ಹದಿಹರೆಯದವಳು, ಬೆಳೆದು ನಿಂತವಳು ಒಬ್ಬರಾದ ಮೇಲೊಬ್ಬರು ಬಂದು, ಕೊನೆಗೆ ಮೂವರೂ ಒಟ್ಟಿಗೆ ಹಾಡುತ್ತಾರೆ. ವೀರ ಇವತ್ತು ಬಂದೇ ಬರುತ್ತಾನೆ ಎಂಬ ಅದೇ ನಂಬಿಕೆ ವಯಸ್ಸಿನ ಜೊತೆ ಹಟವಾಗುತ್ತದೆ, ಹಟ ಹುಚ್ಚಿನ ಹತ್ತಿರ ಹೋಗುತ್ತದೆ. ಕಳೆದ ವರ್ಷಗಳೆಲ್ಲ ಒಂದೇ ವೇದಿಕೆಯ ಮೇಲೆ ಅಕ್ಕಪಕ್ಕ ನಿಂತಿರುವುದನ್ನು ನೋಡುತ್ತ ನಗು ಬರುತ್ತದೆ, ಸಂಕಟವೂ ಆಗುತ್ತದೆ. ಇಲ್ಲಿ ಕಿನ್ನರ ಕಥೆಯನ್ನು ಹರಿದು ಬಿಸಾಡಿಲ್ಲ. ಅದನ್ನು ನಂಬಿದವಳಿಗೆ ಏನಾಗುತ್ತದೆಂದು ನೋಡಿದ್ದಾರೆ. ಇಡೀ ಪರಂಪರೆಯಲ್ಲಿ ಇಂಥ ಗಳಿಗೆಗಳು ವಿರಳ.

ಡ್ಯೂಲಾಕ್‌ನ ದೊರೆ ಫಾರ್ಕ್ವಾಡ್ ವಿಷಯದಲ್ಲಿ ಮಾತ್ರ ಸಿನಿಮಾ, ನಾಟಕ ಎರಡೂ ಎಡವಿವೆ. ರೂಪ ನೋಡಿ ಅಳೆಯಬೇಡಿ ಎನ್ನುವ ಕಥೆಯೇ ಗಿಡ್ಡ ಖಳನ ಎತ್ತರವನ್ನು ಮತ್ತೆ ಮತ್ತೆ ಹಾಸ್ಯ ಮಾಡುತ್ತದೆ. ಬ್ರಾಡ್‌ವೇಯಲ್ಲಿ ಕ್ರಿಸ್ಟೋಫರ್ ಸೀಬರ್ ಮಂಡಿಯೂರಿ, ಮುಂದೆ ಪುಟ್ಟ ಸುಳ್ಳು ಕಾಲುಗಳನ್ನು ಇಳಿಬಿಟ್ಟು ಆ ಪಾತ್ರ ಮಾಡಿದರು. ಕಸರತ್ತು ಅದ್ಭುತ. ಆದರೆ ಅವನ ತಂದೆ ಏಳು ಕುಳ್ಳರಲ್ಲೊಬ್ಬ ಎಂದು ನಾಟಕ ಸೇರಿಸಿದ ಹಿನ್ನೆಲೆ ಕನಿಕರ ಹುಟ್ಟಿಸುವ ಬದಲು ಅದೇ ಹಾಸ್ಯವನ್ನು ಎಳೆದಿದೆ.

441 ಪ್ರದರ್ಶನಗಳ ನಂತರ, 2010ರ ಜನವರಿಯಲ್ಲಿ ಬ್ರಾಡ್‌ವೇ ಆಟ ನಿಂತಿತು. ಅಭಿಮಾನಿಗಳು ನಿಲ್ಲಲಿಲ್ಲ. 2018ರಲ್ಲಿ ಇನ್ನೂರಕ್ಕೂ ಹೆಚ್ಚು ಕಲಾವಿದರು ಸಿನಿಮಾವನ್ನು ತುಂಡು ತುಂಡಾಗಿ ಹಂಚಿಕೊಂಡು ‘ಶ್ರೆಕ್ ರೀಟೋಲ್ಡ್’ ಎಂದು ಮರುಸೃಷ್ಟಿಸಿದರು. ಶೈಲಿ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ, ಎಷ್ಟೋ ಕಡೆ ಬೇಕೆಂದೇ ಒರಟಾಗಿದೆ. ತಮಾಷೆಗೆ ಮಾಡಿದ್ದೋ ಪ್ರೀತಿಗೋ ಹೇಳುವುದು ಕಷ್ಟ. ತನ್ನ ವಿಕಾರಕ್ಕೆ ನಾಚದ ಈ ಶ್ರೆಕ್ ನಾಟಕದ ಪರಿತ್ಯಕ್ತ ಬಾಲಕನಿಗಿಂತ ಸ್ಟೈಗ್‌ನ ಶ್ರೆಕ್‌ಗೇ ಹೆಚ್ಚು ಹತ್ತಿರದ ನೆಂಟ.