ಉಪಕರಣ ವಿವರಣೆಗಳ ಲಕ್ಷಣಪರೀಕ್ಷೆ

ಮನುಷ್ಯರಿಗಿಂತ ಹೆಚ್ಚಾಗಿ ಯಂತ್ರವೇ ಓದುವ ಗದ್ಯವೊಂದು ಈಚಿನ ವರ್ಷಗಳಲ್ಲಿ ರೂಢಿಗೆ ಬಂದಿದೆ. ಕೃತಕ ಬುದ್ಧಿಮತ್ತೆಯ ಭಾಷಾಮಾದರಿಯು ತನ್ನಷ್ಟಕ್ಕೆ ತಾನು ಮಾತನ್ನು ಮಾತ್ರ ಹೆಣೆಯಬಲ್ಲುದು. ಕಡತವನ್ನು ತೆರೆಯಬೇಕಾದರೆ, ದಾಖಲೆಗಳಲ್ಲಿ ಹುಡುಕಬೇಕಾದರೆ, ಟಿಕೆಟನ್ನು ಕಾಯ್ದಿರಿಸಬೇಕಾದರೆ ಅದಕ್ಕೆ ಬೇರೆ ತಂತ್ರಾಂಶಗಳ ನೆರವು ಬೇಕು. ಇಂತಹ ತಂತ್ರಾಂಶಕ್ಕೆ ‘ಟೂಲ್’ ಅಥವಾ ಉಪಕರಣವೆಂದೂ, ಇವುಗಳನ್ನು ಆರಿಸಿ ಬಳಸಿ ಕಾರ್ಯವನ್ನು ಪೂರೈಸುವ ವ್ಯವಸ್ಥೆಗೆ ‘ಏಜೆಂಟ್’ ಎಂದೂ ಹೆಸರು. ೨೦೨೩ರ ಜೂನ್ ತಿಂಗಳಲ್ಲಿ ಓಪನ್‌ಎಐ ಸಂಸ್ಥೆಯು ತನ್ನ ಮಾದರಿಗಳಿಗೆ ಉಪಕರಣಗಳನ್ನು ಕರೆಯುವ ಸೌಕರ್ಯವನ್ನು ಒದಗಿಸಿತು. ೨೦೨೪ರ ನವೆಂಬರಿನಲ್ಲಿ ಆಂತ್ರೋಪಿಕ್ ಸಂಸ್ಥೆಯು ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ನಿಯಮಾವಳಿಯನ್ನು ಪ್ರಕಟಿಸಿತು. ಎರಡರಲ್ಲಿಯೂ ಉಪಕರಣಕ್ಕೆ ಒಂದು ಹೆಸರು, ಕೆಲವು ವಾಕ್ಯಗಳ ವಿವರಣೆ, ಒದಗಿಸಬೇಕಾದ ಅಂಶಗಳ ಪಟ್ಟಿ ಇರುತ್ತವೆ. ಉಪಕರಣದ ಒಳರಚನೆಯು ಮಾದರಿಗೆ ಸಾಮಾನ್ಯವಾಗಿ ಕಾಣದು. ಯಾವುದನ್ನು, ಯಾವಾಗ, ಹೇಗೆ ಬಳಸಬೇಕೆಂಬುದಕ್ಕೆ ಆ ಕೆಲವು ವಾಕ್ಯಗಳೇ ಪ್ರಮಾಣ. ಅವುಗಳ ಗುಣದೋಷಗಳನ್ನು ಅಳೆಯುವ ಬಗೆ ಯಾವುದೆಂಬುದೇ ಇಲ್ಲಿಯ ವಿಚಾರ.

ಏಜೆಂಟುಗಳ ಪರೀಕ್ಷೆಗೆ ಕೊರತೆಯಿಲ್ಲ. ೨೦೨೩ರ ‘ಟೂಲ್‌ಎಲ್‌ಎಲ್‌ಎಂ’ ಎಂಬ ಸಂಶೋಧನೆಯು ೧೬,೪೬೪ ಎಪಿಐಗಳನ್ನು ಒಂದೆಡೆ ಕಲೆಹಾಕಿತು. ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದವರು ಉಪಕರಣಗಳನ್ನು ಕರೆಯುವ ಸಾಮರ್ಥ್ಯಕ್ಕನುಗುಣವಾಗಿ ಮಾದರಿಗಳನ್ನು ಶ್ರೇಣೀಕರಿಸುವ ಪಟ್ಟಿಯೊಂದನ್ನು ನಡೆಸುತ್ತ ಬಂದಿದ್ದಾರೆ. ೨೦೨೪ರ ‘ಟೌ-ಬೆಂಚ್’ ಎಂಬ ಪರೀಕ್ಷೆಯು ಕಾರ್ಯ ಮುಗಿದ ಮೇಲೆ ದತ್ತಾಂಶವು ಇರಬೇಕಾದ ಸ್ಥಿತಿಯಲ್ಲಿ ಇದೆಯೇ ಎಂದು ನೋಡುತ್ತದೆ. ಒಂದೇ ಕಾರ್ಯವನ್ನು ಮತ್ತೆ ಮತ್ತೆ ಮಾಡಿಸುತ್ತದೆ. ಚಿಲ್ಲರೆ ವ್ಯಾಪಾರದ ಕಾರ್ಯಗಳಲ್ಲಿ ಎಂಟು ಸಲವೂ ತಪ್ಪದೆ ಗೆಲ್ಲುವ ಪ್ರಮಾಣವು ಆಗಿನ ಜಿಪಿಟಿ-೪ಒ ಮಾದರಿಗೂ ಶೇಕಡ ೨೫ಕ್ಕಿಂತ ಕಡಿಮೆಯೆಂದು ಅದರಿಂದ ತಿಳಿದುಬಂದಿತು. ಇವೆಲ್ಲ ಶ್ಲಾಘ್ಯವಾದ ಪ್ರಯತ್ನಗಳು. ಆದರೆ ಇವುಗಳಲ್ಲಿ ವಿವರಣೆಗಳು ಸ್ಥಿರವಾಗಿರುತ್ತವೆ, ಮಾದರಿಗಳು ಬದಲಾಗುತ್ತವೆ. ಅರ್ಥಾತ್, ಪರೀಕ್ಷೆಗೆ ಒಳಗಾಗುವವನು ಓದುಗನೇ ಹೊರತು ಗದ್ಯವಲ್ಲ. ತರಗತಿಯ ವಿದ್ಯಾರ್ಥಿಗಳೆಲ್ಲರೂ ಒಂದೇ ಪ್ರಶ್ನೆಯಲ್ಲಿ ಎಡವಿದರೆ ವಿವೇಕಿಯಾದ ಅಧ್ಯಾಪಕನು ಪ್ರಶ್ನಪತ್ರಿಕೆಯನ್ನೂ ಒಮ್ಮೆ ತೆಗೆದು ನೋಡುವನಷ್ಟೆ.

ದೋಷವು ಓದುಗನಲ್ಲಿಯೇ ಇರಬೇಕೆಂದಿಲ್ಲ ಎಂಬುದಕ್ಕೆ ನಿದರ್ಶನವುಂಟು. ತಂತ್ರಾಂಶದ ತಪ್ಪುಗಳನ್ನು ತಿದ್ದುವ ಏಜೆಂಟೊಂದು ತಾನಿದ್ದ ಮೂಲಕೋಶದಿಂದ ಬೇರೆಡೆಗೆ ಸರಿದ ಮೇಲೆ ಕಡತಗಳ ವಿಳಾಸವನ್ನು ತಪ್ಪಾಗಿ ಕೊಡುತ್ತಿತ್ತೆಂದು ಆಂತ್ರೋಪಿಕ್ ಸಂಸ್ಥೆಯು ೨೦೨೪ರ ಡಿಸೆಂಬರಿನಲ್ಲಿ ತಿಳಿಸಿತು. ಪೂರ್ಣವಿಳಾಸವನ್ನೇ ಕೊಡಬೇಕೆಂದು ಉಪಕರಣದ ನಿಬಂಧನೆಯನ್ನು ಮಾರ್ಪಡಿಸಿದೊಡನೆ ಆ ತಪ್ಪು ನಿಂತಿತು. ಮಾದರಿ ಅದೇ; ಬದಲಾದುದು ನಿಬಂಧನೆ.

ಹಾಗಾದರೆ ವಿವರಣೆಯಲ್ಲಿ ಏನನ್ನು ಪರೀಕ್ಷಿಸಬೇಕು? ವಿವರಣೆಯೆಂಬುದು ಒಂದು ಬಗೆಯ ಲಕ್ಷಣವಾಕ್ಯ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವವೆಂಬ ಮೂರು ದೋಷಗಳನ್ನು ನಮ್ಮ ನೈಯಾಯಿಕರು ಹೇಳಿದ್ದಾರೆ. ಗೋವಿಗೆ ಕಪಿಲವರ್ಣವನ್ನು ಲಕ್ಷಣವಾಗಿ ಹೇಳಿದರೆ ಅವ್ಯಾಪ್ತಿ, ಕೊಂಬನ್ನು ಹೇಳಿದರೆ ಅತಿವ್ಯಾಪ್ತಿ, ಒಂಟಿಗೊರಸನ್ನು ಹೇಳಿದರೆ ಅಸಂಭವ. ಈ ವಿಭಾಗವು ಪ್ರಕೃತ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತದೆ. ಗ್ರಂಥಾಲಯದ ಉಪಕರಣವೊಂದು ಗ್ರಂಥದ ಹೆಸರಿನಿಂದಲೂ ಕರ್ತೃವಿನ ಹೆಸರಿನಿಂದಲೂ ಪುಸ್ತಕವನ್ನು ಹುಡುಕಿ, ಅದು ಕಪಾಟಿನಲ್ಲಿ ಇದೆಯೇ ಎಂಬುದನ್ನು ತಿಳಿಸುತ್ತದೆ ಎಂದು ಭಾವಿಸೋಣ. ‘ಗ್ರಂಥದ ಹೆಸರಿನಿಂದ ಹುಡುಕುತ್ತದೆ’ ಎಂದಷ್ಟೇ ಬರೆದರೆ, ಕರ್ತೃವಿನ ಹೆಸರು ಮಾತ್ರ ತಿಳಿದಾಗ ಏಜೆಂಟು ಅದನ್ನು ಕರೆಯದೆ ಬಿಟ್ಟೀತು. ‘ಗ್ರಂಥಾಲಯದ ಮಾಹಿತಿಯನ್ನು ಕೊಡುತ್ತದೆ’ ಎಂದು ಬರೆದರೆ, ದಂಡದ ಮೊತ್ತವನ್ನು ಕೇಳಿದಾಗಲೂ ಅದನ್ನೇ ಕರೆದೀತು. ‘ಪುಸ್ತಕವನ್ನು ಕಾಯ್ದಿರಿಸುತ್ತದೆ’ ಎಂದು ಬರೆದರೆ, ನಡೆಯದ ಕಾರ್ಯವನ್ನು ನಡೆಯಿತೆಂದು ಓದುಗನಿಗೆ ಹೇಳೀತು. ಮೂರನೆಯದು ಅತ್ಯಂತ ಅಪಾಯಕರ. ಏಕೆಂದರೆ ಅಲ್ಲಿ ಕರೆ ಸಫಲವಾದಂತೆ ತೋರುತ್ತದೆ. ಆದುದರಿಂದ ಕರೆಯಬೇಕಾದ ಸಂದರ್ಭಗಳು, ಕರೆಯಬಾರದ ಸಂದರ್ಭಗಳು, ಕರೆದ ಮೇಲಿನ ಫಲ ಎಂಬ ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸತಕ್ಕುದು. ಯಾವ ಉಪಕರಣವೂ ಹೊಂದದ ಪ್ರಶ್ನೆಗಳನ್ನು ಬರ್ಕಲಿಯ ಪಟ್ಟಿಯೂ ಕೇಳುತ್ತದೆಂಬುದು ಮೆಚ್ಚತಕ್ಕ ವಿಷಯ.

ಎಷ್ಟು ಸಲ ಆಯ್ಕೆಯಾಯಿತೆಂಬುದನ್ನೇ ಯೋಗ್ಯತೆಯ ಅಳತೆಯಾಗಿ ಹಿಡಿಯುವುದು ಮಾತ್ರ ಸಲ್ಲದು. ‘ಯಾವಾಗಲೂ ಮೊದಲು ಇದನ್ನೇ ಬಳಸಿರಿ’ ಎಂದು ತನ್ನನ್ನು ತಾನೇ ಹೊಗಳಿಕೊಳ್ಳುವ ವಿವರಣೆಯು ಹೆಚ್ಚು ಸಲ ಆಯ್ಕೆಯಾಗಬಹುದು. ಅದು ಜಾಹೀರಾತಿನ ಗುಣ, ಲಕ್ಷಣದ ಗುಣವಲ್ಲ. ವಿವರಣೆಯೊಳಗೆ ಗುಪ್ತ ಆದೇಶಗಳನ್ನು ಹುದುಗಿಸಿ, ಬಳಕೆದಾರನಿಗೆ ಅರಿವಾಗದಂತೆ ಅವನ ಕಡತಗಳನ್ನು ಹೊರಗೆ ಸಾಗಿಸಬಹುದೆಂದು ೨೦೨೫ರ ಏಪ್ರಿಲಿನಲ್ಲಿ ಇನ್‌ವೇರಿಯಂಟ್ ಲ್ಯಾಬ್ಸ್ ಎಂಬ ಸಂಸ್ಥೆಯು ತೋರಿಸಿಕೊಟ್ಟಿತು. ಅಂತಹ ವಿವರಣೆಯೂ ಏಜೆಂಟಿಗೆ ದಾರಿ ತೋರಿಸುತ್ತದೆ, ಬಹು ಸಮರ್ಥವಾಗಿಯೇ ತೋರಿಸುತ್ತದೆ. ಬಳಕೆದಾರನ ಉದ್ದೇಶವು ನೆರವೇರಿತೇ, ಅವನು ಕೇಳದಿದ್ದುದು ಯಾವುದಾದರೂ ನಡೆಯಿತೇ ಎಂಬ ಎರಡು ಪ್ರಶ್ನೆಗಳೇ ನಿಜವಾದ ಒರೆಗಲ್ಲು.

ಮಾದರಿಗಳು ದಿನೇ ದಿನೇ ಚತುರವಾಗುತ್ತಿರುವಾಗ ವಿವರಣೆಯ ವಿಷಯದಲ್ಲಿ ಇಷ್ಟು ನಿಷ್ಕರ್ಷೆ ಏಕೆಂದು ಆಕ್ಷೇಪಿಸಬಹುದು. ಅಸ್ಪಷ್ಟವಾದುದನ್ನು ಚತುರನಾದ ಓದುಗನು ಊಹಿಸಿಯಾನು. ಬರೆಯದೆ ಬಿಟ್ಟುದನ್ನು ಅರಿಯಲಾರನು. ‘೦೫-೦೬’ ಎಂಬಲ್ಲಿ ಮೊದಲಿನದು ದಿನವೋ ತಿಂಗಳೋ, ಅಳಿಸಿದ ದಾಖಲೆಯನ್ನು ಮರಳಿ ಪಡೆಯಬಹುದೋ ಇಲ್ಲವೋ ಎಂಬುದನ್ನು ಬರೆದವನೇ ಹೇಳಬೇಕು. ಹೇಳದೆ ಬಿಟ್ಟರೆ ಊಹೆಯ ನಷ್ಟವನ್ನು ಭರಿಸುವವನು ಆ ವಾಕ್ಯವನ್ನು ಎಂದೂ ಕಾಣದ ಬಳಕೆದಾರ. ಹಾಗೆಂದು ಎಲ್ಲವನ್ನೂ ತುಂಬಿ ವಿವರಣೆಯನ್ನು ಬೆಳೆಸುವುದೂ ಪರಿಹಾರವಲ್ಲ. ಮಾದರಿಯು ಒಮ್ಮೆಗೆ ಗ್ರಹಿಸಬಹುದಾದ ಪಠ್ಯಕ್ಕೆ ಮಿತಿಯುಂಟು.

ಮಾದರಿಯನ್ನೂ ಉಪಕರಣವನ್ನೂ ಸ್ಥಿರವಾಗಿಟ್ಟು ವಿವರಣೆಯೊಂದನ್ನೇ ಬದಲಿಸುವುದು, ಪ್ರತಿಯೊಂದು ಪಾಠವನ್ನೂ ಅನೇಕ ಸಲ ಪ್ರಯೋಗಿಸುವುದು, ಫಲಿತಾಂಶವನ್ನು ಮತ್ತೊಂದು ಮಾದರಿಯಲ್ಲಿಯೂ ಸರಿನೋಡುವುದು, ಇಷ್ಟನ್ನಾದರೂ ಇಂತಹ ಪರೀಕ್ಷೆಯು ಒಳಗೊಂಡಿರಬೇಕು. ವಿವರಣೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ ಕನ್ನಡದಲ್ಲಿ ಕೇಳಿದ ಪ್ರಶ್ನೆಗಳನ್ನೂ ಅದರಲ್ಲಿ ಸೇರಿಸುವುದು ಅವಶ್ಯ. ಪಾಠಾಂತರಗಳನ್ನು ಹೋಲಿಸಿ ಒಂದು ಪದದಿಂದ ಅರ್ಥವು ಎಷ್ಟು ಕದಲುವುದೆಂದು ನಿರ್ಣಯಿಸುವುದು ಭಾಷಾವಿಭಾಗಗಳಿಗೆ ಹೊಸ ಕೆಲಸವಲ್ಲ. ಈ ಕ್ಷೇತ್ರವನ್ನು ಯಂತ್ರಶಾಸ್ತ್ರಜ್ಞರಿಗೇ ಬಿಟ್ಟುಕೊಡಲು ಕಾರಣವೂ ಇಲ್ಲ.